ಪ್ರಯಾಣದ ಪೆಟ್ಟಿಗೆಯೂ ಒಳಚೀಲಗಳೂ

ಮನೆಯಲ್ಲಿ ಪ್ರಯಾಣದ ಮಾತು ಹುಟ್ಟಿದೊಡನೆ ಯಜಮಾನನಿಗೆ ಟಿಕೆಟ್ಟಿನ ಚಿಂತೆಯೂ, ಮಕ್ಕಳಿಗೆ ಕಿಟಕಿಯ ಪಕ್ಕದ ಸ್ಥಳದ ಚಿಂತೆಯೂ, ಗೃಹಿಣಿಗೆ ಪೆಟ್ಟಿಗೆಯ ಚಿಂತೆಯೂ ಪ್ರಾರಂಭವಾಗುವುದು ಲೋಕರೂಢಿ. ಮೊದಲಿನ ಎರಡು ಚಿಂತೆಗಳು ರೈಲು ಹೊರಟ ಕೂಡಲೇ ತೀರಿಹೋಗುವುವು. ಮೂರನೆಯದು ಮಾತ್ರ ಊರಿಗೆ ಹಿಂದಿರುಗಿ, ಕೊನೆಯ ಬಟ್ಟೆಯನ್ನು ಒಗೆದು ಮಡಿಸಿಡುವವರೆಗೂ ತೀರದು. ಈಚಿನ ವರ್ಷಗಳಲ್ಲಿ ಈ ಮೂರನೆಯ ಚಿಂತೆಯನ್ನು ನಿವಾರಿಸುವುವೆಂಬ ಹೊಗಳಿಕೆಯೊಡನೆ ಒಂದು ಬಗೆಯ ಸಣ್ಣ ಚೀಲಗಳು ಅಂಗಡಿಗಳಿಗೆ ಬಂದಿವೆ. ಇವುಗಳಿಂದ ನಿಜವಾದ ಪ್ರಯೋಜನವುಂಟೋ, ಅಥವಾ ಇದೂ ಹಣ ಕೀಳುವ ಇನ್ನೊಂದು ಉಪಾಯವೋ ಎಂಬುದನ್ನು ಈ ತಿಂಗಳು ವಿಚಾರಮಾಡುವೆವು.

ವರ್ತಕರು ಇವನ್ನು ಪ್ಯಾಕಿಂಗ್ ಕ್ಯೂಬ್ ಎಂದೂ ಆರ್ಗನೈಸರ್ ಎಂದೂ ಕರೆಯುತ್ತಾರೆ. ಹೆಸರು ದೊಡ್ಡದಾದರೂ ವಸ್ತು ಸರಳವಾದುದು. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯಿಂದ ಹೊಲಿದ, ಇಟ್ಟಿಗೆಯ ಆಕಾರದ ಚೀಲ. ಮೂರು ಪಕ್ಕಗಳನ್ನು ಸುತ್ತಿಬರುವ ಜಿಪ್ಪು. ಒಳಗಿನ ವಸ್ತು ಹೊರಕ್ಕೆ ಕಾಣುವಂತೆ ಮೇಲ್ಭಾಗದಲ್ಲಿ ಬಲೆಯ ಬಟ್ಟೆ. ಹಿಡಿದೆತ್ತುವುದಕ್ಕೆ ಒಂದು ಕಿರುಪಟ್ಟಿ. ದೊಡ್ಡದು, ನಡುವಣದು, ಚಿಕ್ಕದು ಎಂದು ನಾಲ್ಕಾರು ಚೀಲಗಳನ್ನು ಒಟ್ಟಾಗಿ ಮಾರುವರು. ಬಟ್ಟೆಬರೆಗಳನ್ನು ನೇರವಾಗಿ ಪೆಟ್ಟಿಗೆಗೆ ತುಂಬದೆ ಮೊದಲು ಇವುಗಳಲ್ಲಿ ತುಂಬಿ, ಬಳಿಕ ಇವನ್ನು ಪೆಟ್ಟಿಗೆಯಲ್ಲಿ ಜೋಡಿಸತಕ್ಕದ್ದು. ನಾವು ಈ ಲೇಖನದಲ್ಲಿ ಇವನ್ನು ಒಳಚೀಲಗಳೆಂದೇ ಕರೆಯುವೆವು.

ಒಳಚೀಲಗಳಿದ್ದರೆ ಪೆಟ್ಟಿಗೆಯಲ್ಲಿ ಎರಡರಷ್ಟು ಸಾಮಾನು ಹಿಡಿಯುವುದೆಂದು ಅಂಗಡಿಯವರು ಹೇಳುವುದುಂಟು. ಇದನ್ನು ನಂಬತಕ್ಕದ್ದಲ್ಲ. ಪೆಟ್ಟಿಗೆಯ ಅಳತೆ ಇದ್ದಷ್ಟೇ ಇರುವುದು. ಬಟ್ಟೆಯ ಅಳತೆಯೂ ಹೆಚ್ಚುಕಡಮೆ ಇದ್ದಷ್ಟೇ. ಬಟ್ಟೆಗಳ ನಡುವಣ ಗಾಳಿ ಸ್ವಲ್ಪ ಹೊರಕ್ಕೆ ಹೋಗುವುದರಿಂದ ಒಂದೆರಡು ಅಂಗಿಗಳಿಗೆ ಹೆಚ್ಚಿನ ಸ್ಥಳ ದೊರೆಯಬಹುದು, ಅಷ್ಟೇ. ಇವುಗಳ ನಿಜವಾದ ಗುಣ ಬೇರೆಯೇ ಉಂಟು. ಅದನ್ನು ಅಂಗಡಿಯವರು ಹೇಳುವುದಿಲ್ಲ. ಬಹುಶಃ ಅವರಿಗೆ ಅದು ಗೊತ್ತೂ ಇಲ್ಲ. ಪೆಟ್ಟಿಗೆಯೊಳಗೆ ಎಲ್ಲಿ ಏನಿದೆ ಎಂಬ ತಿಳಿವಳಿಕೆಯನ್ನು ಒಬ್ಬಳ ತಲೆಯಿಂದ ತೆಗೆದು ಮನೆಮಂದಿಗೆಲ್ಲ ಹಂಚಿಕೊಡುವುದೇ ಆ ಗುಣ.

ಒಂದರೊಳಗೆ ಹಲವು ಮನೆಗಳನ್ನು ಮಾಡುವ ಯುಕ್ತಿ ನಮ್ಮವರಿಗೆ ಹೊಸದಲ್ಲ. ಎತ್ತಿನ ಬೆನ್ನಿನ ಮೇಲೆ ಎರಡು ಪಕ್ಕಕ್ಕೂ ಇಳಿಬೀಳುತ್ತಿದ್ದ ಹಸುಬೆಯಲ್ಲಿ ಒಂದು ಬಾಯಿಗೆ ದವಸ, ಇನ್ನೊಂದು ಬಾಯಿಗೆ ಉಪ್ಪು ತುಂಬಿಕೊಂಡು ವರ್ತಕರು ಘಟ್ಟವನ್ನು ಹತ್ತಿ ಇಳಿಯುತ್ತಿದ್ದರು. ಅಜ್ಜಿಯರ ಸೊಂಟದಲ್ಲಿದ್ದ ಎಲೆಯಡಿಕೆಯ ಸಂಚಿಯನ್ನು ನೆನೆದುಕೊಳ್ಳಿ. ಅಂಗೈಯಗಲದ ಬಟ್ಟೆಯಲ್ಲಿ ಎಲೆಗೊಂದು, ಅಡಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆ ಕಾಸಿಗೊಂದು ಮಡಿಕೆ. ದಾರವನ್ನೆಳೆದರೆ ಎಲ್ಲದಕ್ಕೂ ಒಂದೇ ಬಾಯಿ. ಇನ್ನು ಅಡಿಗೆಮನೆಯ ಒಗ್ಗರಣೆ ಡಬ್ಬಿಯಂತೂ ಇಂದಿಗೂ ಪ್ರತಿಯೊಂದು ಮನೆಯಲ್ಲಿ ಉಂಟಷ್ಟೆ. ಸಾಸಿವೆಗೆಂದು ಚಾಚಿದ ಕೈ ಕತ್ತಲೆಯಲ್ಲಿಯೂ ಮೆಂತ್ಯದ ಬಟ್ಟಲಿಗೆ ಹೋಗದು. ಅಡಿಗೆ ಮಾಡುವವರು ಯಾರೇ ಆಗಲಿ, ಡಬ್ಬಿಯನ್ನು ತೆರೆದೊಡನೆ ಅದರ ವ್ಯವಸ್ಥೆ ಅವರ ಕಣ್ಣಿಗೆ ಬೀಳುವುದು. ಇದೇ ವ್ಯವಸ್ಥೆ ಪ್ರಯಾಣದ ಪೆಟ್ಟಿಗೆಗೆ ಬರಲಿಲ್ಲವೇಕೆ ಎಂಬುದು ಆಶ್ಚರ್ಯ.

ಬಾರದಿದ್ದುದಕ್ಕೆ ಕಾರಣವಿಲ್ಲದೆಯೂ ಇಲ್ಲ. ಹಿಂದೆ ಒಂದು ಕುಟುಂಬ ರೈಲು ಹತ್ತಿತೆಂದರೆ ಕಬ್ಬಿಣದ ಟ್ರಂಕು, ಹಾಸಿಗೆಯ ಹೋಲ್ಡಾಲು, ನೀರಿನ ಕೂಜ, ಬುತ್ತಿಯ ಬುಟ್ಟಿ, ಕೈಚೀಲ ಎಂದು ಐದಾರು ಎಣಿಕೆಗಳು ಆಗುತ್ತಿದ್ದುವು. ಸಾಮಾನು ತಾನಾಗಿಯೇ ವಿಂಗಡವಾಗಿರುತ್ತಿತ್ತು. ಹಾಸಿಗೆಯನ್ನು ಬುತ್ತಿಯ ಬುಟ್ಟಿಯಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಬಳಿಕ ಪೆಟ್ಟಿಗೆಗೆ ಚಕ್ರಗಳು ಬಂದುವು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತನು ಚಕ್ರಗಳುಳ್ಳ ಸೂಟ್‌ಕೇಸಿಗೆ 1972ರಲ್ಲಿ ಪೇಟೆಂಟ್ ಪಡೆದನು. ನಿಲ್ಲಿಸಿಕೊಂಡು ಉದ್ದಹಿಡಿಯಿಂದ ಎಳೆಯುವ ಪೆಟ್ಟಿಗೆಯನ್ನು ರಾಬರ್ಟ್ ಪ್ಲಾತ್ ಎಂಬ ವಿಮಾನಚಾಲಕನು 1987ರಲ್ಲಿ ಮಾಡಿದನು. ಚಕ್ರಗಳು ಮಹೋಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಬಂದಂದಿನಿಂದ ಐದಾರು ಎಣಿಕೆಗಳೆಲ್ಲ ಒಂದೆರಡು ದೊಡ್ಡ ಪೆಟ್ಟಿಗೆಗಳ ಹೊಟ್ಟೆಯೊಳಕ್ಕೆ ಸೇರಿ, ಎಲ್ಲವೂ ಒಂದರ ಮೇಲೊಂದು ರಾಶಿಯಾದುವು. ಕೂಲಿಯವನ ತಲೆಯ ಮೇಲೆಯೋ ನಮ್ಮ ತೋಳಿನಲ್ಲಿಯೋ ಇದ್ದಾಗ ಹೆಜ್ಜೆಹೆಜ್ಜೆಗೂ ತನ್ನ ಭಾರವನ್ನು ಹೇಳಿಕೊಳ್ಳುತ್ತಿದ್ದ ಸಾಮಾನು, ಚಕ್ರದ ಮೇಲೆ ನಿಂತಮೇಲೆ ವಿಮಾನ ನಿಲ್ದಾಣದ ತಕ್ಕಡಿ ಬರುವವರೆಗೂ ಬಾಯಿ ಬಿಡದಂತಾಯಿತು.

ಒಳಚೀಲವನ್ನು ಸಾಧ್ಯಮಾಡಿದ ಜಿಪ್ಪು ಇದಕ್ಕಿಂತ ಹಳೆಯದು. ವಿಟ್‌ಕಂಬ್ ಜಡ್ಸನ್ ಎಂಬಾತನು 1893ರಲ್ಲಿ ಪಾದರಕ್ಷೆಗಳಿಗಾಗಿ ಇಂತಹ ಕೊಕ್ಕೆಗಳ ಸಾಲಿಗೆ ಪೇಟೆಂಟ್ ಪಡೆದಿದ್ದನು. ಅದು ಸರಿಯಾಗಿ ನಿಲ್ಲುತ್ತಿರಲಿಲ್ಲ. ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಎಂಜಿನಿಯರನು 1913ರಲ್ಲಿ ಅದನ್ನು ಈಗ ನಾವು ಕಾಣುವ ಹಲ್ಲುಗಳ ರೂಪಕ್ಕೆ ತಂದನು. ಒಳಚೀಲದ ಪ್ರಾಣವೂ ಜಿಪ್ಪಿನಲ್ಲಿಯೇ ಇರುವುದೆಂಬುದನ್ನು ಕೊಳ್ಳುವವರು ಮರೆಯಬಾರದು. ಆ ಮಾತನ್ನು ಮುಂದೆ ಹೇಳುವೆವು.

ಈಗ ಮುಖ್ಯ ವಿಷಯಕ್ಕೆ ಬರುವೆವು. ನಮಗೆ ಚೆನ್ನಾಗಿ ಪರಿಚಿತವಾದ ಒಂದು ಕುಟುಂಬವುಂಟು: ವೃದ್ಧ ದಂಪತಿಗಳು, ಮಗ, ಸೊಸೆ, ಇಬ್ಬರು ಮಕ್ಕಳು. ಮಾವನವರಿಗೆ ಬಹುಕಾಲದಿಂದ ಸಕ್ಕರೆಯ ಕಾಯಿಲೆ. ಕೆಲವು ವರ್ಷಗಳ ಹಿಂದೆ ಇವರೆಲ್ಲ ರೈಲಿನಲ್ಲಿ ರಾಮೇಶ್ವರಕ್ಕೆ ಹೊರಟಿದ್ದರು. ಸ್ಥಳಗಳು ಒಟ್ಟಿಗೆ ಸಿಕ್ಕದೆ ಸೊಸೆಯೂ ಚಿಕ್ಕ ಮಗುವೂ ಬೇರೊಂದು ಡಬ್ಬಿಯಲ್ಲಿದ್ದರು. ರಾತ್ರಿ ಎಲ್ಲರೂ ಮಲಗಿ ದೀಪವಾರಿದ ಮೇಲೆ ಮಾವನವರಿಗೆ ಮೈ ಬೆವರಿ, ಕೈಕಾಲು ನಡುಗಲಾರಂಭಿಸಿತು. ಔಷಧ ತೆಗೆದುಕೊಂಡು ಊಟ ಕಡಮೆಮಾಡಿದ್ದರಿಂದ ರಕ್ತದಲ್ಲಿನ ಸಕ್ಕರೆ ಇಳಿದುಹೋಗಿತ್ತು. ಇಂತಹ ಸಮಯದಲ್ಲಿ ಮೂರು ಚಮಚ ಸಕ್ಕರೆಯನ್ನೋ ಅಷ್ಟೇ ಗ್ಲೂಕೋಸನ್ನೋ ಕೂಡಲೇ ಬಾಯಿಗೆ ಹಾಕಬೇಕು. ತಡವಾದರೆ ಪ್ರಜ್ಞೆ ತಪ್ಪುವ ಭಯವುಂಟು. ಗ್ಲೂಕೋಸಿನ ಪೊಟ್ಟಣ ಇತ್ತು. ಎಲ್ಲಿತ್ತು ಎಂಬುದು ಸೊಸೆಗೆ ಮಾತ್ರ ಗೊತ್ತಿತ್ತು. ಆಕೆಯ ಫೋನಿಗೆ ಸಂಪರ್ಕ ಸಿಕ್ಕಲಿಲ್ಲ. ಮಗನು ಸೀಟಿನ ಕೆಳಗಿನ ಸರಪಣಿಯನ್ನು ಬಿಚ್ಚಿ ಮೂರು ಸೂಟ್‌ಕೇಸುಗಳನ್ನು ಹೊರಗೆಳೆದು, ಸೀರೆ ಪಂಚೆಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಹುಡುಕಿದನು. ಕಡೆಗೆ ಎದುರಿನ ಸೀಟಿನ ಪ್ರಯಾಣಿಕರೊಬ್ಬರು ತಮ್ಮ ಚಹದ ಸಾಮಾನಿನಿಂದ ಸಕ್ಕರೆ ಕೊಟ್ಟು ಉಪಕಾರಮಾಡಿದರು. ಪೊಟ್ಟಣವು ಮಾರನೆಯ ಬೆಳಗ್ಗೆ ಸೊಸೆ ಬಂದಮೇಲೆ ಎರಡನೆಯ ಸೂಟ್‌ಕೇಸಿನ ತಳದಲ್ಲಿ, ಮಕ್ಕಳ ಸ್ವೆಟರಿನ ಕೆಳಗೆ ಸಿಕ್ಕಿತು.

ಇಲ್ಲಿ ಸೊಸೆಯನ್ನು ದೂರುವವರು ಉಂಟೆಂಬುದನ್ನು ನಾವು ಬಲ್ಲೆವು. ಆರು ಜನರ ಸಾಮಾನನ್ನು ಒಬ್ಬಳೇ ಕಟ್ಟಿದವಳು ಆಕೆ; ಪೊಟ್ಟಣವನ್ನು ಮರೆಯದೆ ಇಟ್ಟವಳೂ ಆಕೆಯೇ. ಮರೆತವರು ಉಳಿದವರು, ಅಥವಾ ತಿಳಿದುಕೊಳ್ಳುವ ಗೋಜಿಗೆ ಹೋಗದವರು. ನಮ್ಮ ಮನೆಗಳಲ್ಲಿ ಪ್ರಯಾಣವೆಂಬುದು ಹೆಂಗಸಿಗೆ ವಿಶ್ರಾಂತಿಯಾಗದಿರುವುದಕ್ಕೆ ದೊಡ್ಡ ಕಾರಣ ಇದೇ. ಅಡಿಗೆಯ ಕೆಲಸ ತಪ್ಪಿತೆಂದು ಹೇಳುವರು, ಆದರೆ 'ನನ್ನ ಬನಿಯನ್ನು ಎಲ್ಲಿ', 'ಹಲ್ಲುಜ್ಜುವ ಬ್ರಷ್ಷು ಎಲ್ಲಿ', 'ಅಮ್ಮಾ ನನ್ನ ಟೋಪಿ' ಎಂಬ ಪ್ರಶ್ನೆಗಳಿಗೆ ದಿನಕ್ಕೆ ಐವತ್ತು ಸಲ ಉತ್ತರಕೊಡುವ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆ ಸ್ನಾನಕ್ಕೆ ಹೋದರೂ ಬಾಗಿಲ ಹೊರಗಿನಿಂದ ಪ್ರಶ್ನೆ ಬರುವುದುಂಟು.

ಆ ಕುಟುಂಬವು ಬಳಿಕ ಒಂದು ಜನವರಿ ತಿಂಗಳಲ್ಲಿ ಕಾಶಿಗೆ ಹೋಗಿಬಂದಿತು. ಹೋಗುವಾಗ ರೈಲು, ಬರುವಾಗ ವಿಮಾನ, ಒಟ್ಟು ಒಂಬತ್ತು ದಿನಗಳು. ಆ ಸೊಸೆ ಈ ಬಾರಿ ಒಳಚೀಲಗಳಿಂದ ಸಾಮಾನನ್ನು ಕಟ್ಟಿದ ಕ್ರಮವನ್ನು ನಾವು ಕೇಳಿ ತಿಳಿದುಕೊಂಡೆವು. ಅದರಲ್ಲಿ ಕಲಿಯತಕ್ಕದ್ದು ಬಹಳ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುವೆವು.

ಒಳಚೀಲಗಳನ್ನು ವಿಂಗಡಿಸುವುದರಲ್ಲಿ ಎರಡು ಪಂಥಗಳುಂಟು. ಅಂಗಿಗಳೆಲ್ಲ ಒಂದರಲ್ಲಿ, ಒಳಉಡುಪುಗಳೆಲ್ಲ ಒಂದರಲ್ಲಿ, ಟವೆಲುಗಳೆಲ್ಲ ಒಂದರಲ್ಲಿ ಎಂದು ಜಾತಿಯಿಂದ ವಿಂಗಡಿಸುವವರು ಕೆಲವರು. ಒಬ್ಬೊಬ್ಬರ ಬಟ್ಟೆ ಒಂದೊಂದರಲ್ಲಿ ಎಂದು ಆಳಿನಿಂದ ವಿಂಗಡಿಸುವವರು ಕೆಲವರು. ಒಬ್ಬರೇ ಪ್ರಯಾಣಮಾಡುವವರಿಗೆ ಮೊದಲನೆಯದು ಸರಿ. ಕುಟುಂಬಕ್ಕೆ ಎರಡನೆಯದೇ ಸರಿಯೆಂಬುದು ನಮ್ಮ ಅಭಿಪ್ರಾಯ. ಜಾತಿಯಿಂದ ವಿಂಗಡಿಸಿದರೆ ಒಬ್ಬನು ಸ್ನಾನಕ್ಕೆ ಹೊರಟಾಗ ನಾಲ್ಕು ಚೀಲಗಳನ್ನು ತೆರೆಯಬೇಕು. ಅದನ್ನು ತೆರೆಯುವವಳು ಮತ್ತೆ ಗೃಹಿಣಿಯೇ. ಆಳಿಗೊಂದು ಬಣ್ಣವೆಂದು ಗೊತ್ತುಮಾಡಿಬಿಟ್ಟರೆ ಐದು ವರ್ಷದ ಮಗುವೂ ತನ್ನದನ್ನು ಗುರುತಿಸುವುದು. ಆ ಮನೆಯಲ್ಲಿ ಮಾವನವರಿಗೆ ನೀಲಿ, ಅತ್ತೆಯವರಿಗೆ ಕೆಂಪು, ಮಗನಿಗೆ ಬೂದು, ಸೊಸೆಗೆ ಹಸುರು, ಮಕ್ಕಳಿಗೆ ಹಳದಿ ಮತ್ತು ನೇರಳೆ. ಬಣ್ಣಗಳು ಸಿಕ್ಕದಿದ್ದರೆ ಬಿಳಿಯ ಪಟ್ಟಿಯನ್ನು ಹೊಲಿದು ಹೆಸರು ಬರೆದರೂ ಸಾಕು.

ಆಳಿನ ಚೀಲಗಳ ಜೊತೆಗೆ ನಾಲ್ಕು ಸಾಮಾನ್ಯ ಚೀಲಗಳಿದ್ದುವು. ಮೊದಲನೆಯದು ರಾತ್ರಿಯ ಚೀಲ. ಬೆಂಗಳೂರಿನಿಂದ ಕಾಶಿಗೆ ರೈಲಿನಲ್ಲಿ ಎರಡು ರಾತ್ರಿಗಳನ್ನು ಕಳೆಯಬೇಕು. ಆ ಎರಡು ರಾತ್ರಿಗಳಲ್ಲಿ ಬೇಕಾಗುವ ಶಾಲು, ಟೋಪಿ, ಕಾಲುಚೀಲ, ಬ್ರಷ್ಷು, ಸೋಪು, ಒಂದು ಟಾರ್ಚು ಇವಿಷ್ಟೂ ಅದರಲ್ಲಿ. ಇದು ದೊಡ್ಡ ಪೆಟ್ಟಿಗೆಯೊಳಕ್ಕೆ ಹೋಗಲೇ ಇಲ್ಲ. ಮೇಲಿನ ಕೊಕ್ಕೆಗೆ ನೇತುಬಿದ್ದಿತ್ತು. ಸರಪಣಿ ಹಾಕಿದ ಪೆಟ್ಟಿಗೆಗಳನ್ನು ಊರು ಮುಟ್ಟುವವರೆಗೆ ತೆರೆಯುವ ಪ್ರಸಂಗ ಬರಲಿಲ್ಲ.

ಎರಡನೆಯದು ಔಷಧದ ಚೀಲ, ಎಲ್ಲಕ್ಕಿಂತ ಮುಖ್ಯವಾದುದು. ಇದು ಕೆಂಪು ಬಣ್ಣದ ಅಂಚುಳ್ಳ ಚಿಕ್ಕ ಚೀಲ. ಮಾವನವರ ಗುಳಿಗೆಗಳು ಪಟ್ಟಿಯಿಂದ ಬಿಡಿಸದೆ ಹಾಗೆಯೇ, ವೈದ್ಯರ ಚೀಟಿಯ ಒಂದು ಪ್ರತಿ, ಗ್ಲೂಕೋಸಿನ ಎರಡು ಪೊಟ್ಟಣಗಳು, ಜ್ವರದ ಗುಳಿಗೆ, ಭೇದಿಯಾದರೆ ಕುಡಿಸುವ ಉಪ್ಪುಸಕ್ಕರೆಯ ಪುಡಿ, ಗಾಯಕ್ಕೆ ಹಾಕುವ ಪಟ್ಟಿ. ಉತ್ತರ ದೇಶದಲ್ಲಿ ಜನವರಿಯ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುವುದು ಪ್ರತಿವರ್ಷದ ಅನುಭವವಾದುದರಿಂದ ಗುಳಿಗೆಗಳನ್ನು ಲೆಕ್ಕಕ್ಕಿಂತ ನಾಲ್ಕು ದಿನಗಳಿಗೆ ಹೆಚ್ಚಾಗಿಟ್ಟಿದ್ದಳು. ಚೀಲವನ್ನು ಕಟ್ಟಿದವಳು ಅದನ್ನು ಆರು ಜನರ ಮುಂದೆಯೂ ಒಮ್ಮೆ ತೆರೆದು ತೋರಿಸಿದಳಂತೆ; ಗ್ಲೂಕೋಸು ಎಲ್ಲಿದೆಯೆಂದು ಚಿಕ್ಕ ಹುಡುಗಿಯ ಬಾಯಿಂದ ಹೇಳಿಸಿದಳಂತೆ. ಒಳಚೀಲಕ್ಕೆ ಕೊಟ್ಟ ಹಣವೆಲ್ಲ ಈ ಒಂದು ನಿಮಿಷದಲ್ಲಿಯೇ ಸಾರ್ಥಕವಾಯಿತೆಂದು ನಾವು ಹೇಳುವೆವು. ಇನ್ಸುಲಿನ್ ಚುಚ್ಚಿಕೊಳ್ಳುವವರು ವಿಮಾನದಲ್ಲಿ ಅದನ್ನು ಎಂದಿಗೂ ಕೆಳಗಿನ ಸಾಮಾನಿನೊಡನೆ ಕಳುಹಿಸಬಾರದು. ಅಲ್ಲಿಯ ಚಳಿಗೆ ಅದು ಹೆಪ್ಪುಗಟ್ಟಿ ಕೆಡುವ ಅಪಾಯವುಂಟು. ಕೈಚೀಲದಲ್ಲಿಯೇ ಇರತಕ್ಕದ್ದು.

ಮೂರನೆಯದು ಕಾಗದಪತ್ರಗಳದು. ಅದನ್ನು ಕುರಿತು ಹೇಳತಕ್ಕದ್ದು ವಿಶೇಷವೇನೂ ಇಲ್ಲ.

ನಾಲ್ಕನೆಯದು ಸ್ನಾನಘಟ್ಟದ ಚೀಲ. ಗಂಗೆಯಲ್ಲಿ ಮುಳುಗಿ ಎದ್ದವರ ಒದ್ದೆ ಬಟ್ಟೆಗಳನ್ನು ಎಲ್ಲಿಡುವುದೆಂಬುದು ಯಾತ್ರಿಕರ ಹಳೆಯ ಸಮಸ್ಯೆ. ಚಳಿಗಾಲದಲ್ಲಿ ಪಂಚೆಯೇನೋ ಬೇಗ ಆರುವುದು, ಆದರೆ ದಪ್ಪ ಟವೆಲು ಎರಡು ದಿನಗಳಾದರೂ ಆರದು. ನೀರು ಸೋರದ ಒಳಪದರವುಳ್ಳ ಒಂದು ಚೀಲ ಇದಕ್ಕೆ ಅತ್ಯವಶ್ಯ. ಆದರೆ ಒದ್ದೆ ಬಟ್ಟೆಯನ್ನು ಘಟ್ಟದಿಂದ ಬಿಡಾರದವರೆಗೆ ತರುವುದಕ್ಕೆ ಮಾತ್ರ ಅದನ್ನು ಉಪಯೋಗಿಸಬೇಕೇ ಹೊರತು ಅದರಲ್ಲಿಯೇ ರಾತ್ರಿ ಬಿಡಬಾರದು. ಬೆಳಗಾಗುವಷ್ಟರಲ್ಲಿ ಮುಗ್ಗುವಾಸನೆ ಬರುವುದು, ಎರಡು ದಿನಗಳಲ್ಲಿ ಕಪ್ಪು ಚುಕ್ಕೆಗಳು ಕಾಣುವುವು. ಟವೆಲಿನ ಬದಲು ತೆಳುವಾದ ಹತ್ತಿಯ ಪಂಚೆಯನ್ನೇ ಒಯ್ದರೆ ತೂಕವೂ ಕಡಮೆ, ಆರುವುದೂ ಸುಲಭ.

ಇನ್ನು ಉಣ್ಣೆಯ ಬಟ್ಟೆಗಳು. ಕಾಶಿಯಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು 10 ಡಿಗ್ರಿಗಿಂತ ಕೆಳಕ್ಕೆ ಇಳಿಯುವುದರಿಂದ, ಬೆಂಗಳೂರಿನ ಒಂದು ತೆಳು ಸ್ವೆಟರಿನಿಂದ ಸಾಗದು. ಆರು ಜನರ ಉಣ್ಣೆಯ ಬಟ್ಟೆ ಒಂದು ಇಡಿಯ ಪೆಟ್ಟಿಗೆಯನ್ನು ನುಂಗಿಬಿಡುವುದು. ಇಂತಹ ಉಬ್ಬಿದ ಬಟ್ಟೆಗಳಿಗಾಗಿಯೇ ಎರಡು ಸುತ್ತು ಜಿಪ್ಪುಳ್ಳ ಒಳಚೀಲಗಳುಂಟು: ಒಂದು ಜಿಪ್ಪನ್ನು ಹಾಕಿದರೆ ಬಾಯಿ ಮುಚ್ಚುವುದು, ಎರಡನೆಯದನ್ನು ಹಾಕಿದರೆ ಚೀಲ ಬಿಗಿದು ತೆಳುವಾಗುವುದು. ಉಣ್ಣೆಗೂ ಸ್ವೆಟರಿಗೂ ಇವು ಬಹಳ ಅನುಕೂಲ. ಹತ್ತಿಯ ಅಂಗಿ ಪಂಚೆಗಳಲ್ಲಿ ಅದುಮತಕ್ಕ ಗಾಳಿಯೇ ಇಲ್ಲದಿರುವುದರಿಂದ ಅವುಗಳಿಗೆ ಇದು ವ್ಯರ್ಥ. ಸುಕ್ಕು ಮಾತ್ರ ಲಾಭ. ಗಾಳಿಯನ್ನು ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲಗಳನ್ನೂ ಮಾರುವರು. ಅವುಗಳಲ್ಲಿ ತುಂಬುವುದು ಮನೆಯಲ್ಲಿ ಸುಲಭ. ಬಿಡಾರದಲ್ಲಿ ಒಮ್ಮೆ ಬಿಚ್ಚಿದಮೇಲೆ ಮತ್ತೆ ಗಾಳಿಯನ್ನು ತೆಗೆಯುವ ಯಂತ್ರವಿಲ್ಲದೆ, ಬಟ್ಟೆಯ ಮೇಲೆ ಮಂಡಿಯೂರಿ ಕುಳಿತು ಕಷ್ಟಪಡಬೇಕಾಗುವುದು.

ರೇಷ್ಮೆಯ ಸೀರೆಯನ್ನು ಯಾವ ಕಾರಣಕ್ಕೂ ಬಿಗಿಯುವ ಚೀಲದಲ್ಲಿ ಇಡತಕ್ಕದ್ದಲ್ಲ. ಮಡಿಕೆಯ ಗೆರೆಯಲ್ಲಿ ಜರಿಯು ಮುರಿಯುವುದು; ಮುರಿದ ಜರಿಯನ್ನು ಸರಿಮಾಡುವವರು ಯಾರೂ ಇಲ್ಲ. ಹಳೆಯ ಮೆದುವಾದ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕು. ಯಾತ್ರೆಗೆ ಒಂದು ರೇಷ್ಮೆಸೀರೆ ಸಾಕೆಂದು ಅತ್ತೆಯವರೇ ಹೇಳಿದರಂತೆ. ಇದು ಎಲ್ಲ ಮನೆಗಳಲ್ಲಿಯೂ ನಡೆಯುವ ಮಾತಲ್ಲ.

ತೂಕದ ವಿಷಯ ಬಂದುದರಿಂದ ಒಂದು ಎಚ್ಚರಿಕೆಯನ್ನು ಕೊಡಲೇಬೇಕು. ಒಳಚೀಲಗಳು ಸಾಮಾನನ್ನು ಎಷ್ಟು ಅಚ್ಚುಕಟ್ಟಾಗಿ ಕೂರಿಸುವುವೆಂದರೆ, ಪೆಟ್ಟಿಗೆಯಲ್ಲಿ ಇನ್ನೂ ಸ್ಥಳವಿದೆಯಲ್ಲಾ ಎಂದು ಮನಸ್ಸು ಆಸೆಪಡುವುದು. ಸ್ಥಳ ಉಳಿದ ಮಾತ್ರಕ್ಕೆ ತೂಕ ಉಳಿಯಿತೆಂದಲ್ಲ. ರೈಲಿನಲ್ಲಿ ಇದರಿಂದ ಅಷ್ಟು ಬಾಧೆಯಿಲ್ಲ: ಸ್ಲೀಪರ್ ಮತ್ತು ಮೂರಂತಸ್ತಿನ ಹವಾನಿಯಂತ್ರಿತ ಡಬ್ಬಿಗಳಲ್ಲಿ ಒಬ್ಬೊಬ್ಬರಿಗೆ 40 ಕಿಲೋ, ಎರಡಂತಸ್ತಿನದರಲ್ಲಿ 50 ಕಿಲೋ ಸಾಮಾನಿಗೆ ಪ್ರತ್ಯೇಕ ಶುಲ್ಕವಿಲ್ಲ. ದೇಶದೊಳಗಿನ ವಿಮಾನದಲ್ಲಾದರೋ ಸಾಮಾನ್ಯ ದರ್ಜೆಯವರಿಗೆ ಹೆಚ್ಚಾಗಿ 15 ಕಿಲೋ, ಕೈಚೀಲದಲ್ಲಿ 7 ಕಿಲೋ. ಟಿಕೆಟ್ಟಿನಲ್ಲಿ ಬರೆದಿರುವುದೇ ಪ್ರಮಾಣವಾದುದರಿಂದ ಅದನ್ನು ಮೊದಲೇ ಓದಿಕೊಳ್ಳತಕ್ಕದ್ದು. ಬರಿಯ ಸೂಟ್‌ಕೇಸೇ ಮೂರು ನಾಲ್ಕು ಕಿಲೋ ತೂಗುವುದು; ಒಳಚೀಲಗಳ ತೂಕ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ಉಳಿದ ಹನ್ನೊಂದು ಕಿಲೋದಲ್ಲಿ ನಿಮ್ಮ ಸಂಸಾರ. ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಮೊದಲು ಬರಿಗೈಯಲ್ಲಿ ನಿಂತು, ಬಳಿಕ ಪೆಟ್ಟಿಗೆಯನ್ನು ಹಿಡಿದು ನಿಂತು, ಎರಡರ ವ್ಯತ್ಯಾಸವನ್ನು ತೆಗೆದುಕೊಂಡರಾಯಿತು. ಆ ಸೊಸೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಒಳಚೀಲದ ತೂಕವನ್ನೂ ಚೀಟಿಯಲ್ಲಿ ಬರೆದು ಅದರೊಳಗೇ ಇಟ್ಟಿದ್ದಳು. ಹಿಂದಿರುಗುವಾಗ ಒಂದು ಪೆಟ್ಟಿಗೆ ಎರಡು ಕಿಲೋ ಹೆಚ್ಚಾಯಿತು. ಉಳಿದ ಪ್ರಯಾಣಿಕರು ನಿಲ್ದಾಣದ ನೆಲದ ಮೇಲೆ ಬಟ್ಟೆಗಳನ್ನು ಹರಡಿಕೊಂಡು ಕುಳಿತಿದ್ದಾಗ, ಇವಳು ಬೂದು ಚೀಲವನ್ನು ಎತ್ತಿ ಇನ್ನೊಂದು ಪೆಟ್ಟಿಗೆಗೆ ಹಾಕಿದಳು, ಕೆಲಸ ಮುಗಿಯಿತು.

ಹಿಂದಿರುಗುವ ಪೆಟ್ಟಿಗೆ ಹೋಗುವ ಪೆಟ್ಟಿಗೆಗಿಂತ ಯಾವಾಗಲೂ ದೊಡ್ಡದು. ಕಾಶಿಗೆ ಹೋದವರು ಮುದ್ರೆಹಾಕಿದ ಗಂಗಾಜಲದ ಗಿಂಡಿಗಳನ್ನು ತಾರದೆ ಬರುವುದಿಲ್ಲ; ಒಂದು ಲೀಟರ್ ಗಂಗೆಯೂ ತಕ್ಕಡಿಯ ಮೇಲೆ ಒಂದು ಕಿಲೋ ತೂಗುವಳು. ಅವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಈಗ ಬರಿದಾಗಿರುವ ಸ್ನಾನಘಟ್ಟದ ಚೀಲದಲ್ಲಿಟ್ಟು, ಕೆಳಗಿನ ಸಾಮಾನಿನೊಡನೆ ಕಳುಹಿಸುವುದು ಲೇಸು. ಹೊರಡುವಾಗಲೇ ಒಂದು ಒಳಚೀಲವನ್ನು ಬರಿದಾಗಿ ಮಡಿಸಿಟ್ಟುಕೊಂಡು ಹೋಗುವುದು ಜಾಣತನ. ಎಣ್ಣೆಯುಳ್ಳ ಉಪ್ಪಿನಕಾಯಿಯನ್ನು ಕೈಚೀಲದಲ್ಲಿಟ್ಟುಕೊಂಡರೆ ತಪಾಸಣೆಯಲ್ಲಿ ತಡೆಯುವುದುಂಟು. ನಮ್ಮವರಿಗೆ ಆಶ್ಚರ್ಯವಾಗತಕ್ಕ ಸಂಗತಿ ಮತ್ತೊಂದು: ಒಣಕೊಬ್ಬರಿಯನ್ನು ವಿಮಾನದವರು ಅಪಾಯಕಾರಿ ವಸ್ತುಗಳಲ್ಲಿ ಎಣಿಸುವರು. ಅದರಲ್ಲಿನ ಎಣ್ಣೆಯಿಂದಾಗಿ ರಾಶಿಯಲ್ಲಿದ್ದಾಗ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸ್ವಭಾವ ಅದಕ್ಕುಂಟು. ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕಿನ ನಿಯಮ ಇನ್ನೂ ಕಟ್ಟುನಿಟ್ಟು. ಅದು ಕೆಳಗಿನ ಸಾಮಾನಿನಲ್ಲಿ ಹೋಗಲೇಕೂಡದು, ಕೈಚೀಲದಲ್ಲಿಯೇ ಇರಬೇಕು, 100 ವಾಟ್-ಅವರಿನೊಳಗೂ ಇರಬೇಕು. ಆದಕಾರಣ ವಿಮಾನ ಹತ್ತುವವರು ತಂತಿಗಳನ್ನೂ ಪವರ್ ಬ್ಯಾಂಕನ್ನೂ ಬೇರೆಯೇ ಒಂದು ಚಿಕ್ಕ ಚೀಲದಲ್ಲಿಟ್ಟು ಕೈಯಲ್ಲಿ ಹಿಡಿದುಕೊಳ್ಳತಕ್ಕದ್ದು.

ವಿಮಾನದ ಸಾಮಾನು ಒಂದೊಂದು ಸಲ ಪ್ರಯಾಣಿಕರ ಜೊತೆಗೆ ಬಾರದೆ ಮಾರನೆಯ ದಿನ ಬರುವುದೂ ಉಂಟು. ಒಬ್ಬರ ಬಟ್ಟೆಯೆಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ ಆ ಒಬ್ಬರು ಉಟ್ಟ ಬಟ್ಟೆಯಲ್ಲಿಯೇ ಉಳಿಯುವರು. ಆಳಿಗೆ ಎರಡು ಒಳಚೀಲಗಳಿದ್ದರೆ ಒಂದನ್ನು ತನ್ನ ಪೆಟ್ಟಿಗೆಯಲ್ಲಿಯೂ, ಒಂದನ್ನು ಮತ್ತೊಬ್ಬರ ಪೆಟ್ಟಿಗೆಯಲ್ಲಿಯೂ ಇಟ್ಟು ಈ ಕಷ್ಟವನ್ನು ತಪ್ಪಿಸಿಕೊಳ್ಳಬಹುದು. ಬಿಡಿಬಟ್ಟೆಗಳನ್ನು ಹೀಗೆ ಬೆರಸಿದರೆ ಗೊಂದಲ, ಒಳಚೀಲವಾದುದರಿಂದ ಗೊಂದಲವಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಬಟ್ಟೆಯ ಬಣ್ಣಕ್ಕಿಂತ ಜಿಪ್ಪನ್ನು ನೋಡಿರಿ. ಅಂಗಡಿಯಲ್ಲಿಯೇ ಹತ್ತು ಸಲ ಎಳೆದು, ಮೂಲೆಯ ತಿರುವಿನಲ್ಲಿ ಅದು ತೊಡರುವುದೇ ಎಂದು ಪರೀಕ್ಷಿಸಬೇಕು. ಚೀಲದ ಒಳಗಡೆ ಹೊಲಿಗೆಯ ಅಂಚನ್ನು ಪಟ್ಟಿಯಿಂದ ಮುಚ್ಚಿರಬೇಕು. ಇಲ್ಲವಾದರೆ ನೂಲು ಬಿಟ್ಟು ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಳ್ಳುವುದು. ನಿಮ್ಮ ಪೆಟ್ಟಿಗೆಯ ಒಳ ಅಳತೆಯನ್ನು ಬರೆದುಕೊಂಡು ಹೋಗಿರಿ. ಪೆಟ್ಟಿಗೆಗೆ ಹೊಂದದ ಒಳಚೀಲವು ಮನೆಗೆ ಹೊಂದದ ಬೀರುವಿನಂತೆ ಪೀಡೆಯೇ.

ಹಣ ವೆಚ್ಚಮಾಡಲು ಇಷ್ಟವಿಲ್ಲದವರು ಮನೆಯಲ್ಲಿಯೇ ಹೊಲಿದುಕೊಳ್ಳಬಹುದು. ನಮಗಂತೂ ಇದೇ ಹೆಚ್ಚು ಮೆಚ್ಚಿಗೆ. ಹಳೆಯ ಹತ್ತಿ ಸೀರೆಯ ಗಟ್ಟಿಯಾದ ಭಾಗದಿಂದ 80 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ತುಂಡನ್ನು ಕತ್ತರಿಸಿ, ಉದ್ದದ ಎರಡು ತುದಿಗಳನ್ನೂ ಮೂರು ಸೆಂಟಿಮೀಟರ್ ಮಡಿಸಿ ದಾರ ತೂರಿಸುವ ನಾಳ ಹೊಲಿಯಬೇಕು. ಬಳಿಕ ನಡುವಿಗೆ ಮಡಿಸಿ, ನಾಳದ ಬಾಯಿಗಳನ್ನು ಬಿಟ್ಟು ಎರಡು ಪಕ್ಕಗಳನ್ನೂ ಹೊಲಿಯಬೇಕು. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು, ತುದಿಯಿಂದ ನಾಲ್ಕು ಸೆಂಟಿಮೀಟರ್ ಒಳಕ್ಕೆ ಅಡ್ಡಹೊಲಿಗೆ ಹಾಕಿದರೆ ಚೀಲಕ್ಕೆ ಎಂಟು ಸೆಂಟಿಮೀಟರಿನ ತಳ ಬರುವುದು. ಬಟ್ಟೆಗಳು ದುಂಡಗಾಗದೆ ಚಪ್ಪಟೆಯಾಗಿ ಕೂರುವುವು. ಒಂದು ಮುಖದಲ್ಲಿ ಕಿಟಕಿಗೆ ಹಾಕುವ ಸೊಳ್ಳೆಬಲೆಯ ತುಂಡನ್ನು ಸೇರಿಸಿದರೆ ಒಳಗಿನದು ಕಾಣುವುದು. ಹತ್ತಿಯ ಚೀಲದೊಳಗೆ ಬಟ್ಟೆಗೆ ಗಾಳಿಯಾಡುವುದರಿಂದ ನಮ್ಮ ಕರಾವಳಿಯ ಸೆಕೆಗೆ ಇವು ನೈಲಾನಿಗಿಂತ ಮೇಲು.

ಒಂದು ರಾತ್ರಿಗೆ ಮದುವೆಗೆ ಹೋಗಿಬರುವವರಿಗೆ ಇವೊಂದೂ ಬೇಡ. ಎರಡು ಸೀರೆ, ಒಂದು ಪಂಚೆಗೆ ಮೂರು ಒಳಚೀಲಗಳನ್ನು ಹುಡುಕುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುವುದು. ಮೂರು ದಿನಗಳಿಗೆ ಮೀರಿದ, ಮೂರು ಜನಕ್ಕೆ ಮೀರಿದ ಪ್ರಯಾಣಕ್ಕೆ ಮಾತ್ರ ಇವು ತಕ್ಕುವು.

ಮಕ್ಕಳ ಚೀಲವನ್ನು ಮಕ್ಕಳೇ ತುಂಬಿಕೊಳ್ಳಲೆಂದು ಬಿಡುವುದು ಒಳ್ಳೆಯದು. ಆ ಮನೆಯ ಚಿಕ್ಕ ಹುಡುಗಿ ಮೊದಲ ಸಲ ನಾಲ್ಕು ಗೊಂಬೆಗಳನ್ನೂ ಒಂದು ಲಂಗವನ್ನೂ ಇಟ್ಟುಕೊಂಡಳಂತೆ. ತಾಯಿ ಗದರಿಸದೆ, ಒಂಬತ್ತು ದಿನಗಳನ್ನು ಬೆರಳಿನಲ್ಲಿ ಎಣಿಸಿ ತೋರಿಸಿದಳು. ಮೂರು ಗೊಂಬೆಗಳು ಮನೆಯಲ್ಲಿಯೇ ಉಳಿದುವು. ಯಜಮಾನರೂ ತಮ್ಮ ಚೀಲವನ್ನು ತಾವೇ ತುಂಬಿಕೊಳ್ಳಬಹುದೆಂಬ ಸೂಚನೆಯನ್ನು ಸವಿನಯವಾಗಿ ಮುಂದಿಡುವೆವು. ಬೂದು ಚೀಲವನ್ನು ಆ ಮಗನೇ ತುಂಬಿಕೊಂಡನು. ಕ್ಷೌರದ ಸಾಮಾನನ್ನು ಮರೆತು ಕಾಶಿಯಲ್ಲಿ ಕೊಂಡನು. ಅದಕ್ಕಾಗಿ ಯಾರನ್ನೂ ಕೇಳಲಿಲ್ಲ.

ಊರಿಗೆ ಬಂದಮೇಲೆ ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ವಾರಗಟ್ಟಲೆ ಬಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಪ್ರಯಾಣದ ಕೊನೆಯ ಎರಡು ದಿನ ಮೈಲಿಗೆ ಬಟ್ಟೆಗಳನ್ನು ಒಂದೇ ಒಳಚೀಲಕ್ಕೆ ಸೇರಿಸುತ್ತ ಬಂದರೆ, ಮನೆ ಮುಟ್ಟಿದೊಡನೆ ಆ ಚೀಲ ನೇರವಾಗಿ ಒಗೆಯುವ ಕಲ್ಲಿಗೋ ಯಂತ್ರಕ್ಕೋ ಹೋಗುವುದು. ಉಟ್ಟಿರದ ಬಟ್ಟೆಯ ಚೀಲಗಳು ಬೀರುವಿಗೆ ಹೋಗುವುವು. ಒಳಚೀಲಗಳನ್ನೂ ತಣ್ಣೀರಿನಲ್ಲಿ ಕೈಯಿಂದ ಒಗೆದು, ಜಿಪ್ಪು ತೆರೆದೇ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ನೈಲಾನ್ ಬೇಗ ಜೀರ್ಣವಾಗುವುದು. ಒಣಗಿದವನ್ನು ದೊಡ್ಡದರೊಳಗೆ ಚಿಕ್ಕದನ್ನಿಟ್ಟು ಮಡಿಸಿ, ಆ ಪ್ರಯಾಣಕ್ಕೆ ಒಯ್ದ ವಸ್ತುಗಳ ಪಟ್ಟಿಯನ್ನೂ ಅವುಗಳಲ್ಲಿ ಮುಟ್ಟದೆಯೇ ವಾಪಸು ಬಂದುವು ಯಾವುವೆಂಬ ಗುರುತನ್ನೂ ಅದರೊಳಗೇ ಇಟ್ಟುಬಿಡಿ. ಔಷಧದ ಚೀಲವನ್ನು ಮಾತ್ರ ಬರಿದುಮಾಡದೆ, ಅವಧಿ ಮೀರಿದ ಗುಳಿಗೆಗಳನ್ನು ತೆಗೆದು ಹೊಸದನ್ನು ಹಾಕಿ, ಮಾವನವರ ಮಂಚದ ಪಕ್ಕದ ಗೂಟಕ್ಕೆ ಆ ಸೊಸೆ ನೇತುಹಾಕಿದ್ದಾಳೆ.